ವಾಸಿಯಾದವರ ಕಾಯಿ

ನನ್ನ ತಮ್ಮ ಗಂಗಾಧರಯ್ಯ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನನ್ನು ಬೈಯುವುದು ಬಹಳ ಇದೆ. ಹೊಳೆನರಸೀಪುರದ ಪೇಟೆಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟುಕೊಂಡು, ಎಣಿಕೆಯಲ್ಲಿ ಯಾರಿಗೂ ಮೋಸ ಮಾಡದೆ ಹೆಸರು ಉಳಿಸಿಕೊಂಡವನು. ಹೆಂಡತಿ ಸತ್ತ ಮೇಲೆ ಇನ್ನೊಂದು ಮದುವೆ ಮಾಡಿಕೋ ಅಂತ ಎಷ್ಟು ಜನ ಹೇಳಿದರೂ ಒಪ್ಪಲಿಲ್ಲ. ಎಳೆಮಗು ಪ್ರೇಮಕುಮಾರಿಯನ್ನು ತಂದು ನನ್ನ ಮಡಿಲಿಗೆ ಹಾಕಿ, "ಅಕ್ಕಯ್ಯ, ಇನ್ನು ಇವಳಿಗೆ ನೀನೇ ತಾಯಿ" ಅಂದ. ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಕೂತಿದ್ದ ನನಗೆ ಅದಕ್ಕಿಂತ ಏನು ಬೇಕಿತ್ತು? ಸುವರ್ಣಮ್ಮನ ಬಾಯಿ ಜೋರು ಅಂತ ಬೀದಿಯವರು ಆಡಿಕೊಳ್ಳುತ್ತಾರೆ. ಜೋರೇ. ಅದಿಲ್ಲದಿದ್ದರೆ ಈ ಮನೆ ನಡೆಯುತ್ತಿರಲಿಲ್ಲ.

ಗಂಗಾಧರನಿಗೆ ಬಹಳ ವರ್ಷದಿಂದ ಎದೆಯುರಿ, ಹುಳಿತೇಗು. ಬರದೆ ಏನು ಮಾಡುತ್ತದೆ? ಮಂಡಿಗೆ ಬಂದವರಿಗೆಲ್ಲ ಕಾಫಿ ತರಿಸುವುದು, ಅವರ ಜೊತೆ ತಾನೂ ಕುಡಿಯುವುದು, ಹೊತ್ತಲ್ಲದ ಹೊತ್ತಿನಲ್ಲಿ ಕರಿದದ್ದು ತಿನ್ನುವುದು, ಮೇಲೆ ನಸ್ಯ. ಯಾರೋ ಹೇಳಿದರು ಅಂತ ಮೈಸೂರಿನ ಆಚೆ ಒಂದು ಪ್ರಕೃತಿ ಚಿಕಿತ್ಸೆಯ ಆಶ್ರಮಕ್ಕೆ ಹೋದ. ಹೋದವನು ಬೇರೆ ಮನುಷ್ಯನಾಗಿ ಬಂದ. ಕಾಫಿ ಬಿಟ್ಟ, ನಸ್ಯದ ಡಬ್ಬಿಯನ್ನು ತಿಪ್ಪೆಗೆಸೆದ. ಬೆಳಿಗ್ಗೆ ಎದ್ದು ಹೊಳೆಯವರೆಗೆ ನಡೆದು ಬರುವುದು, ಸೊಪ್ಪು, ತರಕಾರಿ, ನೆನೆಸಿದ ಕಾಳು ತಿನ್ನುವುದು, ಕತ್ತಲಾಗುವ ಮೊದಲೇ ಊಟ ಮುಗಿಸುವುದು. ಎದೆಯುರಿ ಹೋಯಿತು. ಕಣ್ಣಾರೆ ಕಂಡಿದ್ದೇನೆ, ಇಲ್ಲ ಅನ್ನಲಾರೆ. ಅವನು ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಿಲ್ಲಿಸಲಿಲ್ಲ. ತನಗೆ ಗುಣವಾದದ್ದು ಊರಿಗೆಲ್ಲ ಆಗಬೇಕು ಅಂತ ಹಟ ಹಿಡಿದ. ಮಂಡಿಯ ಹಿಂದುಗಡೆ ಜಾಗ ಮಾಡಿಕೊಂಡು, ಹೊಳೆಯ ಜೇಡಿಮಣ್ಣು ತರಿಸಿ ಸೋಸಿ ನೆನೆಸಿಟ್ಟ. ಬಂದವರ ಹೊಟ್ಟೆಗೆ, ಹಣೆಗೆ, ಮೊಣಕಾಲಿಗೆ ಬಟ್ಟೆಯ ಮೇಲೆ ಮಣ್ಣು ಹರಡಿ ಪಟ್ಟಿ ಹಾಕುವನು. ದೊಡ್ಡ ಕೊಪ್ಪರಿಗೆಯಲ್ಲಿ ತಣ್ಣೀರು ತುಂಬಿಸಿ ಸೊಂಟದವರೆಗೆ ಕೂರಿಸುವನು. ನಿಂಬೆನೀರಿನ ಮೇಲೆ ಉಪವಾಸ ಹಾಕಿಸುವನು. ಯಾವ ಕಾಯಿಲೆಯೇ ಆಗಲಿ, ಒಳಗೆ ಸೇರಿದ ಕಸವೇ ಮೂಲ ಅನ್ನುವುದು ಅವನ ಮಾತು. ಯಾರಿಂದಲೂ ಬಿಡಿಕಾಸು ಮುಟ್ಟುತ್ತಿರಲಿಲ್ಲ. ಯಾವ ಜಾತಿಯವರು ಬಂದರೂ ತನ್ನ ಕೈಯಿಂದಲೇ ಮಣ್ಣು ಹಾಕುತ್ತಿದ್ದ. ಅದಕ್ಕೆ ಊರಿನ ಕೆಲವರು ಮೂಗು ಮುರಿದರು. ನನಗೆ ಮಾತ್ರ ನನ್ನ ತಮ್ಮನ ಮೇಲೆ ಹೆಮ್ಮೆಯೇ ಆಯಿತು.

ಮಣ್ಣು ಹಾಕಿಸಿಕೊಂಡು ಹೋದವರು ಕೆಲವು ದಿನ ಬಿಟ್ಟು ಒಂದು ತೆಂಗಿನಕಾಯಿ ಹಿಡಿದುಕೊಂಡು ಬರುತ್ತಿದ್ದರು. ಅವನ್ನು ಗಂಗಾಧರ ವ್ಯಾಪಾರದ ಕಾಯಿಯ ಜೊತೆ ಸೇರಿಸುತ್ತಿರಲಿಲ್ಲ. ಮಂಡಿಯ ಒಂದು ಮೂಲೆಯಲ್ಲಿ ಬೇರೆ ರಾಶಿ ಹಾಕಿಸಿದ್ದ. ಈ ಚಿಕಿತ್ಸೆಯಲ್ಲಿ ನಿಜವಾಗಿ ಗುಣ ಇದೆಯೇ ಅಂತ ಯಾರಾದರೂ ಕೇಳಿದರೆ ಆ ರಾಶಿಯ ಕಡೆ ಕೈ ತೋರಿಸುವನು. "ಇವೆಲ್ಲ ವಾಸಿಯಾದವರ ಕಾಯಿ." ತಾಲ್ಲೂಕು ಕಚೇರಿಯ ಗುಮಾಸ್ತರು, ಸ್ಕೂಲಿನ ಮೇಷ್ಟರು ಎಲ್ಲರೂ ರಾಶಿ ನೋಡಿ ತಲೆದೂಗುವರು. ಕಾಯಿಯಲ್ಲೇ ಹುಟ್ಟಿ ಕಾಯಿಯಲ್ಲೇ ಬೆಳೆದ ಊರು ನಮ್ಮದು. ಕಾಯಿಯ ರಾಶಿ ಕಂಡರೆ ನಾವು ಇನ್ನೇನೂ ಕೇಳುವುದಿಲ್ಲ.

ಆ ವರ್ಷ ಮಳೆ ಹಿಂದೆಗೆದ ಮೇಲೆ ಚಳಿಜ್ವರ ಜೋರಾಯಿತು. ಹೊಳೆಯ ಆಚೆಯಿಂದ ಈಚೆಯಿಂದ ಗಾಡಿಯಲ್ಲಿ, ನಡೆದುಕೊಂಡು ಜನ ಬಂದರು. ಕೊನೆಗೆ ನಮ್ಮ ಪ್ರೇಮನೂ ಮಲಗಿದಳು. ಆಗ ಅವಳಿಗೆ ಹದಿನಾಲ್ಕು ನಡೆಯುತ್ತಿತ್ತು.

ಒಂದು ದಿನ ಬಿಟ್ಟು ಒಂದು ದಿನ, ಹೊತ್ತು ನೆತ್ತಿಗೆ ಬರುವಾಗ ನಡುಕ ಹತ್ತುವುದು. ಎಷ್ಟು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಆಮೇಲೆ ಮೈ ಕೆಂಡ. ಗಂಗಾಧರ ಬಂದು ಹೊಟ್ಟೆಗೂ ಹಣೆಗೂ ತಣ್ಣನೆಯ ಮಣ್ಣು ಹಾಕಿ ಪಕ್ಕದಲ್ಲಿ ಕೂರುವನು. ಸಂಜೆಯ ಹೊತ್ತಿಗೆ ಬೆವರು ಬಂದು ಮೈ ತಣ್ಣಗಾಗುವುದು.

"ನೋಡಿದ್ಯಾ ಅಕ್ಕಯ್ಯ? ಮಣ್ಣು ಹೆಂಗೆ ಎಳ್ಕೊಂತು!"

ನಾನೂ ಮೊದಮೊದಲು ಹೌದೆಂದೇ ನಂಬಿದೆ. ಒಂದು ಸಲ ಅವನು ಕಾಯಿ ವ್ಯಾಪಾರಕ್ಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದ. ಜ್ವರದ ಸರದಿಯ ದಿನ ಅದು. ನಡುಗುವ ಹುಡುಗಿಯ ಮೈಮೇಲೆ ತಣ್ಣನೆಯ ಮಣ್ಣು ಹಾಕಲು ನನಗೆ ಕೈ ಬರಲಿಲ್ಲ. ಸುಮ್ಮನೆ ಕಂಬಳಿ ಹೊದಿಸಿ ಕೂತೆ. ಸಂಜೆಗೆ ಬೆವರು ಬಂತು, ಜ್ವರ ಬಿಟ್ಟಿತು. ಮಣ್ಣು ಹಾಕಿದ ದಿನ ಹೇಗೋ, ಹಾಕದ ದಿನವೂ ಹಾಗೆಯೇ.

ಗಂಗಾಧರ ಬಂದ ಕೂಡಲೇ ಹೇಳಿದೆ. ಅವನು ಯೋಚನೆ ಮಾಡಲೂ ಇಲ್ಲ. "ಮೊನ್ನೆ ಹಾಕಿದ್ದ ಮಣ್ಣಿನ ಗುಣ ಇನ್ನೂ ಇತ್ತಲ್ಲ ಅಕ್ಕಯ್ಯ" ಅಂದ.

ಮಣ್ಣು ಹಾಕಿದರೆ ಇವತ್ತಿನ ಮಣ್ಣಿನ ಗುಣ, ಹಾಕದಿದ್ದರೆ ಮೊನ್ನೆಯ ಮಣ್ಣಿನ ಗುಣ! ಜ್ವರ ಕಡಿಮೆಯಾದರೆ ಕಸ ಹೋಯಿತು, ಜಾಸ್ತಿಯಾದರೆ ಕಸ ಹೊರಗೆ ಬರುತ್ತಿದೆ! ಇಂಥವನ ಹತ್ತಿರ ಯಾರು ವಾದ ಮಾಡಿ ಗೆಲ್ಲುತ್ತಾರೆ? ನನಗೆ ಮೈಯೆಲ್ಲ ಉರಿದುಹೋಯಿತು.

ವಾದ ಹಾಗಿರಲಿ, ಹುಡುಗಿ ಕಣ್ಣೆದುರಿಗೇ ಇಳಿದುಹೋಗುತ್ತಿದ್ದಳು. ಅನ್ನವಿಲ್ಲ, ಮುದ್ದೆಯಿಲ್ಲ, ಬರೀ ನಿಂಬೆನೀರು, ಕಿತ್ತಳೆ ರಸ. ತುಟಿ ಬಿಳಿಚಿಕೊಂಡಿತು. ತಲೆ ಬಾಚುವಾಗ ಕೂತಿರಲಾರದೆ ನನ್ನ ಭುಜಕ್ಕೆ ಒರಗುವಳು. ಮೈ ಒರೆಸುವಾಗ ಎಡ ಪಕ್ಕೆಯ ಕೆಳಗೆ ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಜ್ವರಗಡ್ಡೆ. ಚಳಿಜ್ವರದಲ್ಲಿ ಬಹಳ ದಿನ ನರಳಿದವರಿಗೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳುವ ಗಡ್ಡೆ ಅದು. ನನ್ನ ಗಂಡನಿಗೆ ಇದ್ದದ್ದೂ ಅದೇ. ಒಬ್ಬರನ್ನು ಇದಕ್ಕೆ ಕೊಟ್ಟಾಗಿದೆ, ಇನ್ನೊಬ್ಬರನ್ನು ಕೊಡುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಮಾರನೆಯ ದಿನವೇ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಹೇಳಿದೆ. "ಹುಡುಗೀನ ಕರ್ಕೊಂಡು ಬನ್ನಿ ತಾಯಿ, ನೋಡ್ದೆ ಹೆಂಗೆ ಹೇಳ್ಲಿ? ಅಲ್ಲೀವರೆಗೆ ಇದನ್ನ ಶುರು ಮಾಡಿ" ಅಂತ ಒಂದು ಸೀಸೆ ಕ್ವಿನೈನ್ ಮಿಕ್ಚರ್ ಕೊಟ್ಟರು. ಸೆರಗಿನಲ್ಲಿ ಮುಚ್ಚಿಕೊಂಡು ತಂದೆ.

ಪ್ರೇಮ ಕುಡಿಯಲಿಲ್ಲ.

"ಅಪ್ಪಂಗೆ ಗೊತ್ತಾ ಅತ್ತೆ?"

"ಅವನಿಗೆ ಯಾಕೆ ಗೊತ್ತಾಗ್ಬೇಕು? ಕುಡಿಯೇ ಸುಮ್ನೆ."

"ಬ್ಯಾಡತ್ತೆ. ಅಪ್ಪ ನೊಂದ್ಕೋತಾರೆ. ಅವರಿಗೋಸ್ಕರ ನಾನು ವಾಸಿಯಾಗ್ಬೇಕು." ಹೇಳಿ ಗೋಡೆಯ ಕಡೆ ಹೊರಳಿದಳು. ಮೂಗು ಹಿಡಿದು ಹೊಯ್ಯೋಣ ಅಂದರೆ ಅವಳೇನು ಹಸುಗೂಸೇ? ಬಾಯಿ ಬಿಗಿಹಿಡಿದು ಮಲಗಿದ ಹುಡುಗಿಯ ಮುಂದೆ ಸೀಸೆ ಹಿಡಿದು ನಿಂತು ನಾನು ಅತ್ತುಬಿಟ್ಟೆ.

ಹಾಗಾದರೆ ಬಗ್ಗಬೇಕಾದವನು ಗಂಗಾಧರನೇ. ಸೀಸೆಯನ್ನು ತೆಗೆದುಕೊಂಡು ಹೋಗಿ ಮಂಡಿಯಲ್ಲಿ ಅವನ ಮುಂದೆಯೇ ಇಟ್ಟೆ.

"ಲೇ ಗಂಗಾಧರ, ಇದನ್ನ ನೀನೇ ನಿನ್ನ ಮಗಳಿಗೆ ಕುಡಿಸು. ಇಲ್ದಿದ್ರೆ ಆ ಹುಡುಗಿ ಉಳಿಯಲ್ಲ ಕಣೋ."

"ಇದನ್ನ ಕುಡಿದ್ರೆ ಕಿವಿ ಗುಂಯ್ ಅಂತದೆ, ತಲೆ ತಿರುಗ್ತದೆ. ವಿಷ ಅಲ್ದೆ ಇನ್ನೇನು ಅಕ್ಕಯ್ಯ? ನನ್ನ ಕೈಯಾರೆ ನನ್ನ ಮಗಳಿಗೆ ವಿಷ ಹಾಕು ಅಂತೀಯಾ?" ಅವನ ಕಣ್ಣಲ್ಲಿ ನೀರಿತ್ತು. ಅವನಿಗೇನು ಮಗಳ ಮೇಲೆ ಪ್ರೀತಿ ಕಡಿಮೆಯೇ? ಮೂಲೆಯ ರಾಶಿಯ ಕಡೆ ಕೈ ತೋರಿಸಿದ. "ಇಷ್ಟು ಜನಕ್ಕೆ ವಾಸಿಯಾಗಿದೆ. ನನ್ನ ಮಗಳಿಗೆ ಮಾತ್ರ ಯಾಕಾಗಲ್ಲ? ಹೇಳು ನೋಡೋಣ."

ನಾನೂ ರಾಶಿಯನ್ನೇ ನೋಡಿದೆ. ಎಷ್ಟೋ ಸಲ ನೋಡಿದ್ದೆ. ಆವತ್ತು ಮಾತ್ರ, ಇವರೆಲ್ಲ ಯಾರು, ಈಗ ಹೇಗಿದ್ದಾರೆ ಅನ್ನಿಸಿತು.

"ಇವರನ್ನ ನೀನು ಕೇಳಿದ್ದೀಯಾ, ವಾಸಿಯಾಯ್ತಾ ಅಂತ?"

"ಕೇಳೋದೇನು? ವಾಸಿಯಾಗ್ದೆ ಯಾರಾದ್ರೂ ಕಾಯಿ ತರ್ತಾರಾ?"

"ಸರಿ. ನಾನು ಕೇಳ್ಕೊಂಡು ಬತ್ತೀನಿ."

ಮರುದಿನ ಜ್ವರದ ಸರದಿಯಲ್ಲ. ಪಕ್ಕದ ಮನೆಯ ದಾಕ್ಷಾಯಣಮ್ಮನನ್ನು ಪ್ರೇಮನ ಹತ್ತಿರ ಕೂರಿಸಿ, ಬೆಳಗಾಗುತ್ತಲೇ ಹೊರಟೆ. ಕಾಯಿ ತಂದವರಲ್ಲಿ ನನಗೆ ಗುರುತಿದ್ದವರು ಕೆಲವರಿದ್ದರು. ಮೊದಲು ಸಿಕ್ಕಿದವನು ಗಾಣದ ಚನ್ನಪ್ಪ. ಅವನಿಗೆ ಮಂಡಿನೋವು. "ಬಿಸಿಲಲ್ಲಿ ಕುಂತು ಮಣ್ಣು ಆಕ್ಕೊಂಡ್ರೆ ಇತವಾಗ್ತದೆ ಕಣ್ರವ್ವಾ. ನೋವು ಓಗಿಲ್ಲ, ಆದ್ರೆ ಇತ" ಅಂದ. ನಂಬಿದೆ. ಬಿಸಿಲು, ಮಣ್ಣು, ಒಂದು ಗಳಿಗೆ ಕಾಲು ಚಾಚಿ ಕೂರುವುದು, ಅದರಿಂದ ಮಂಡಿಗೆ ಹಿತವಾಗದೆ ಇರುತ್ತದೆಯೇ?

ಅಲ್ಲಿಂದ ಅರಕಲಗೂಡು ದಾರಿಯಲ್ಲಿ ಲಕ್ಕಯ್ಯನ ಮನೆ. ಚಳಿಜ್ವರ ಅಂತ ಬಂದು, ಹದಿನೈದು ದಿನದ ಹಿಂದೆ ಕಾಯಿ ಕೊಟ್ಟು ಹೋಗಿದ್ದವನು. ಜಗಲಿಯ ಮೇಲೆ ಕಂಬಳಿ ಹೊದ್ದು ನಡುಗುತ್ತಾ ಮಲಗಿದ್ದ.

"ಇದೇನೋ ಲಕ್ಕಯ್ಯ? ವಾಸಿಯಾಯ್ತು ಅಂತ ಕಾಯಿ ಕೊಟ್ಟು ಬಂದಿದ್ದೆಯಲ್ಲೋ!"

"ವಾಸಿ ಅಂತ ನಾನೆಲ್ಲಿ ಅಂದೆ ಅವ್ವಾ?" ಹಲ್ಲು ಕಟಕಟಿಸುತ್ತಲೇ ಅಂದ. "ಸಾವ್ಕಾರ್ರು ಕಾಸು ಮುಟ್ನಿಲ್ಲ. ಅಷ್ಟು ದಿನ ಮಣ್ಣು ಆಕವ್ರೆ. ಬರಿಗೈಲಿ ಇರಕ್ಕಾಯ್ತದಾ? ಅದುಕ್ಕೇ ಒಂದು ಕಾಯಿ ಮಡಗಿ ಬಂದೆ."

ನಾನು ಅವನ ಜಗಲಿಯ ಅಂಚಿನಲ್ಲಿ ಕೂತೆ. ನಮ್ಮ ಮೂಲೆಯಲ್ಲಿ ಬಿದ್ದಿದ್ದು ವಾಸಿಯಾದವರ ಕಾಯಿಯಲ್ಲ, ಮರ್ಯಾದಸ್ಥರ ಕಾಯಿ. ಗಂಗಾಧರ ದುಡ್ಡು ಮುಟ್ಟಿದ್ದರೆ ಒಂದು ಕಾಯಿಯೂ ಬರುತ್ತಿರಲಿಲ್ಲ. ಅವನ ಒಳ್ಳೆಯತನವೇ ಅವನ ಕಣ್ಣಿಗೆ ಬಟ್ಟೆ ಕಟ್ಟಿತ್ತು.

ಒಬ್ಬನ ಮಾತು ಸಾಲದು ಅಂತ ಮಂಚಯ್ಯನನ್ನು ಹುಡುಕಿಕೊಂಡು ಹೋದೆ. ಅವನು ನಮ್ಮ ಮಂಡಿಗೆ ಆಗಾಗ ಕಾಯಿ ಸುಲಿಯಲು ಬರುವವನು. ಅವನ ಹೆಂಡತಿ ಮುದ್ದಮ್ಮನ ಚಳಿಜ್ವರಕ್ಕೆ ಗಂಗಾಧರ ಎಷ್ಟೋ ದಿನ ಮಣ್ಣು ಹಾಕಿದ್ದ. ಊರಾಚೆಯ ಅವರ ಕೇರಿಗೆ ನಮ್ಮ ಮನೆಯ ಹೆಂಗಸರು ಯಾವತ್ತೂ ಕಾಲಿಟ್ಟಿರಲಿಲ್ಲ. ಕೇರಿಯ ಬಾಯಲ್ಲಿ ನಿಂತವರು "ನೀವ್ಯಾಕೆ ಬಂದ್ರಿ ಅಮ್ಮಾರೆ, ನಾವೇ ಕರ್ಕಂಡ್ ಬತ್ತೀವಿ" ಅಂದರು. ಕಾಯಲು ನನಗೆ ವ್ಯವಧಾನವಿರಲಿಲ್ಲ. ಒಳಗೇ ಹೋದೆ.

"ಮುದ್ದಮ್ಮ ಎಲ್ಲಪ್ಪಾ? ಹೆಂಗವಳೆ?"

ಮಂಚಯ್ಯ ನನ್ನನ್ನೇ ನೋಡಿದ. "ಓಗ್ಬುಟ್ಲಲ್ಲ ಅವ್ವಾ. ನಿಮಗೆ ತಿಳೀದಾ?"

"ಹೋದ್ಲಾ? ಮತ್ತೆ ನೀನು ಕಾಯಿ..."

"ಸಾಯೋಕ್ ಮುಂಚೆ ಅವಳೇ ಏಳಿದ್ಲು. ಅಂತಾ ದೊಡ್ಡೋರು ನಮ್ಮಂತೋರ ಮೈ ಮುಟ್ಟಿ ಮಣ್ಣು ಆಕವ್ರೆ, ಆ ರುಣ ಮಡಿಕ್ಕಂಡು ಓಗಬಾರ್ದು, ಒಂದು ಕಾಯಿ ಕೊಟ್ಬುಟ್ಟು ಬಾ ಅಂತ. ಮಣ್ಣು ಮಾಡಿ ಮೂರ್ ದಿನಕ್ಕೆ ತಂದ್ಕೊಟ್ಟೆ."

ಸತ್ತವಳ ಕಾಯಿ ನಮ್ಮ ಮೂಲೆಯಲ್ಲಿ ವಾಸಿಯಾದವರ ಲೆಕ್ಕಕ್ಕೆ ಬಿದ್ದಿತ್ತು. ಅದನ್ನು ತೋರಿಸಿಯೇ ನನ್ನ ತಮ್ಮ ತನ್ನ ಮಗಳಿಗೆ ಅನ್ನ ಬಿಡಿಸಿದ್ದ.

"ಬಾರಪ್ಪ ಮಂಚಯ್ಯ. ನನಗೆ ಹೇಳಿದ್ದನ್ನ ನಮ್ಮ ಗಂಗಾಧರನ ಮುಂದೆ ಹೇಳು."

"ಬ್ಯಾಡಿ ಅವ್ವಾ. ಅವ್ರು ನೊಂದ್ಕತಾರೆ."

"ನೊಂದ್ಕೊಳ್ಳಲಿ! ನೀನು ಹೇಳ್ದಿದ್ರೆ ನಮ್ಮ ಹುಡುಗಿಯೂ ಹೋಗ್ತಾಳೆ ಕಣೋ" ಅಂದೆ. ಮಂಚಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ.

ಮಂಡಿಗೆ ಹೋದಾಗ ಗಂಗಾಧರ ಯಾರದೋ ಹಣೆಗೆ ಪಟ್ಟಿ ಹಾಕುತ್ತಿದ್ದ. ಮಂಚಯ್ಯ ತಲೆ ತಗ್ಗಿಸಿ ನಿಂತು, ನನಗೆ ಹೇಳಿದ ಅದೇ ಮಾತನ್ನು ಹೇಳಿದ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗಂಗಾಧರನ ಕೈಯಲ್ಲಿದ್ದ ಮಣ್ಣಿನ ಬಟ್ಟೆ ಕೈಯಲ್ಲೇ ಉಳಿಯಿತು.

"ಕಾಯಿ ಕೊಟ್ಟಾಗ ಒಂದು ಮಾತು ಯಾಕೆ ಹೇಳಲಿಲ್ವೋ?" ಅಂದ. ಕೋಪದಲ್ಲಿ ಅಲ್ಲ, ಬೇಡಿಕೊಳ್ಳುವ ದನಿಯಲ್ಲಿ.

"ನೀವು ಕೇಳ್ನಿಲ್ಲ ಬುದ್ಧಿ. ಕಾಯಿ ಕಂಡೇಟ್ಗೆ ನಿಮ್ ಮಕ ಅರಳ್ತು. ಅದುನ್ನ ನೋಡಿದ್ ಮ್ಯಾಕೆ ಎಂಗೆ ಏಳಾದು?"

ಗಂಗಾಧರ ಗೋಣಿಚೀಲದ ಮೇಲೆ ಕೂತ. ಬೈಯಬೇಕು ಅಂತ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಅವನ ಮುಖ ನೋಡಿ ಬೇಡವಾಯಿತು. ಆಮೇಲೆ ಎದ್ದು, ಮಂಚಯ್ಯನಿಗೆ ಕೈ ಮುಗಿದ. ಮಂಚಯ್ಯ ಬೆದರಿ ಹಿಂದೆ ಸರಿದ. ಗಂಗಾಧರ ಕೈ ತೊಳೆದುಕೊಳ್ಳದೆ ಹಾಗೇ ಮನೆಯ ಕಡೆ ಹೊರಟ. ನಾನು ಹಿಂದೆ ಓಡಿದೆ.

ಪ್ರೇಮ ನಡುಮನೆಯಲ್ಲಿ ಮಲಗಿದ್ದಳು. ಅಪ್ಪನನ್ನು ಕಂಡು ನಕ್ಕಳು. ಅವನು ಪಕ್ಕದಲ್ಲಿ ಕೂತು ಕೇಳಿದ.

"ಮಗಾ, ಮಣ್ಣು ಹಾಕಿದಾಗ ನಿನಗೆ ಹಗುರ ಆಗ್ತಿತ್ತಾ?"

"ಆಗ್ತಿತ್ತಪ್ಪ." ಅವನ ಮುಖವನ್ನೇ ನೋಡುತ್ತಾ, ಅವನ ಕಣ್ಣಿಗೆ ಏನು ಬೇಕೋ ಅದನ್ನು ಹುಡುಕಿ ಕೊಡುವ ಹಾಗೆ ಅಂದಳು.

ಗಂಗಾಧರನಿಗೆ ಆ ನೋಟ ಅರ್ಥವಾಯಿತು. ಎದ್ದು ಅವಳ ತಲೆಯ ಹಿಂದೆ, ಅವಳಿಗೆ ಕಾಣದ ಹಾಗೆ ಗೋಡೆಗೊರಗಿ ಕೂತ.

"ಈಗ ಹೇಳು. ನನ್ನ ಮುಖ ನೋಡ್ಬೇಡ. ನಾನು ಬೇಜಾರು ಮಾಡ್ಕೊಳ್ಳಲ್ಲ."

ಹುಡುಗಿ ಬಿಕ್ಕಿದಳು. "ಇಲ್ಲಪ್ಪ. ಮಣ್ಣು ಹಾಕಿದ್ರೆ ನಡುಕ ಇನ್ನೂ ಜಾಸ್ತಿ ಆಗ್ತಿತ್ತು. ತಡೆಯಕ್ಕೇ ಆಗ್ತಿರಲಿಲ್ಲ. ಹೊಟ್ಟೆ ಹಸಿದು ಹಸಿದು ಕಣ್ಣು ಕತ್ತಲೆ ಬರ್ತಿತ್ತು. ನೀವು ಅಷ್ಟು ಆಸೆಯಿಂದ ನೋಡ್ತಾ ಕೂತಿರ್ತಿದ್ರಲ್ಲ, ಅದಕ್ಕೇ ಹಗುರಾಯ್ತು ಅಂತಿದ್ದೆ."

ಗಂಗಾಧರ ಅಳಲಿಲ್ಲ. ಮಗಳನ್ನು ಕಂಬಳಿಯ ಸಮೇತ ಎತ್ತಿಕೊಂಡ. ಗಾಡಿ ಕಟ್ಟಿಸುತ್ತೇನೆ ಇರು ಅಂದರೆ ಕೇಳದೆ, ಪೇಟೆಯ ನಡುವೆ, ಎಲ್ಲರೂ ನೋಡುತ್ತಿದ್ದಂತೆ ಹೊತ್ತುಕೊಂಡೇ ನಡೆದ. ಹದಿನಾಲ್ಕು ವರ್ಷದ ಹುಡುಗಿಯನ್ನು ಹೊತ್ತು ಅವನಿಗೆ ಏದುಸಿರೂ ಬರಲಿಲ್ಲ. ಅಷ್ಟು ಹಗುರಾಗಿಬಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಒಳಗೆ ಒಯ್ದರು. ಹೊಟ್ಟೆ ಒತ್ತಿ ನೋಡಿದರು. ಇಲ್ಲಿಯವರೆಗೆ ಏನು ಮಾಡಿದ್ದೀರಿ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಂಗಾಧರ ಒಂದನ್ನೂ ಬಿಡದೆ ತಾನೇ ಹೇಳಿದ, ಮಣ್ಣು, ತಣ್ಣೀರು, ಉಪವಾಸ ಎಲ್ಲ. ಡಾಕ್ಟರು ಬೈಯಲಿಲ್ಲ.

"ಎದೆಯುರಿಗೆ ನಿಮ್ಮ ಪಥ್ಯ ಸರಿಯೇ. ಕಾಫಿ, ನಸ್ಯ ಬಿಡಿಸಿದ್ದಕ್ಕೆ ನಾನೂ ಬೇಡ ಅನ್ನಲ್ಲ. ಇದು ಹಂಗಲ್ಲ. ಸೊಳ್ಳೆಯಿಂದ ರಕ್ತಕ್ಕೆ ಸೇರಿದ ಕ್ರಿಮಿ. ಮಣ್ಣು ಅಲ್ಲಿಗೆ ಮುಟ್ಟಲ್ಲ. ಉಪವಾಸದಿಂದ ಕ್ರಿಮಿ ಸಾಯಲ್ಲ, ಹುಡುಗಿ ಸೊರಗ್ತಾಳೆ."

"ಕ್ವಿನೈನಿಂದ ಕಿವಿ ಗುಂಯ್ ಅಂತದಂತಲ್ಲ ಸಾರ್?"

"ಅಂತದೆ. ಸುಳ್ಳಲ್ಲ. ಜಾಸ್ತಿಯಾದ್ರೆ ಬಂದು ಹೇಳಿ, ಅಳತೆ ಕಡಿಮೆ ಮಾಡ್ತೀನಿ. ಮತ್ತೆ ಚಳಿ ಬಂದ್ರೂ ಬಂದು ಹೇಳಿ, ಬರದಿದ್ರೂ ಬಂದು ಹೇಳಿ. ನೀವು ಹೇಳ್ದೆ ನನಗೆ ಹೆಂಗೆ ಗೊತ್ತಾಗ್ಬೇಕು?"

ಆ ಮಾತು ಗಂಗಾಧರನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಅಂದಿನಿಂದ ಅವನು ಊರೂರು ತಿರುಗಿದ. ಕಾಯಿ ತಂದವರ ಮನೆಗೆಲ್ಲ ತಾನೇ ಹೋಗಿ, ಈಗ ಹೇಗಿದೆ ಅಂತ ಕೇಳಿದ. ಕೇಳುವಾಗ ಅವರ ಮುಖ ನೋಡದೆ ನೆಲ ನೋಡುತ್ತಿದ್ದನಂತೆ. ಲಕ್ಕಯ್ಯನನ್ನು ತಾನೇ ಗಾಡಿಯಲ್ಲಿ ಆಸ್ಪತ್ರೆಗೆ ತಂದ. ಮಂಡಿಯ ಹಿಂದೆ ಈಗಲೂ ಮಂಡಿನೋವಿನವರು ಬಂದು ಬಿಸಿಲಲ್ಲಿ ಕೂರುತ್ತಾರೆ. ಜ್ವರ ಅಂದವರಿಗೆ ಮಾತ್ರ ಅವನು ಮಣ್ಣು ಮುಟ್ಟುವುದಿಲ್ಲ. ಮೊದಲು ಆಸ್ಪತ್ರೆಯ ದಾರಿ ತೋರಿಸುತ್ತಾನೆ.

ಪ್ರೇಮನಿಗೆ ಮಾರನೆಯ ದಿನದ ಸರದಿಗೆ ಚಳಿ ಬಂದೇ ಬಂತು. ಗಂಗಾಧರ ಮಿಕ್ಚರ್ ನಿಲ್ಲಿಸಲಿಲ್ಲ. ಅದರ ಮುಂದಿನ ಸರದಿಯ ದಿನ ಹೊತ್ತು ನೆತ್ತಿಗೆ ಬಂತು, ಇಳಿಯಿತು, ನಡುಕ ಹತ್ತಲಿಲ್ಲ. ನಾನು ಸಂತೋಷಕ್ಕೆ ದೇವರ ಮನೆಗೂ ಅಡಿಗೆಮನೆಗೂ ಓಡಾಡುತ್ತಿದ್ದೆ. ಗಂಗಾಧರ ಜಾಗ ಬಿಟ್ಟು ಕದಲಲಿಲ್ಲ. "ಇಷ್ಟಕ್ಕೇ ಹಿಗ್ಗಬೇಡ ಅಕ್ಕಯ್ಯ, ನಾಳಿದ್ದೂ ನೋಡೋಣ" ಅಂದ. ನಾಳಿದ್ದೂ ಬರಲಿಲ್ಲ. ಅದರಾಚೆಯ ಸರದಿಗೂ ಬರಲಿಲ್ಲ.

ಆ ದಿನ ಸಂಜೆ ಅವನು ಮಗಳಿಗೆ ಔಷಧಿ ಹಾಕಿ, ತಲೆಯ ಹಿಂದೆ ಹೋಗಿ ಕೂರಲು ಎದ್ದ. ಪ್ರೇಮ ಅವನ ಕೈ ಹಿಡಿದು ಎದುರಿಗೇ ಕೂರಿಸಿಕೊಂಡಳು.

"ಹೆಂಗಿದೆ ಮಗಾ?"

"ಚಳಿ ಹೋಯ್ತು. ಆದ್ರೆ ಕಿವಿ ಗುಂಯ್ ಅಂತಿದೆ, ಕಾಲಲ್ಲಿ ಶಕ್ತಿ ಇಲ್ಲ, ಈ ಔಷಧಿಯಷ್ಟು ಕೆಟ್ಟದ್ದನ್ನ ನಾನು ಹುಟ್ಟಿದಾಗಿಂದ ಕುಡಿದಿಲ್ಲ. ಅತ್ತೆ ಮಾಡಿದ ಸಾರಿಗೆ ಉಪ್ಪೂ ಇರಲಿಲ್ಲ" ಅಂದಳು, ಅಪ್ಪನ ಮುಖವನ್ನೇ ನೋಡಿಕೊಂಡು.

ಅವನು ಆಗ ಅತ್ತ. ಮಗಳ ಎದುರಿಗೇ, ಸೆರಗಿಲ್ಲದ ಗಂಡಸು ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಳ್ಳುತ್ತಾ, "ಇನ್ನೂ ಹೇಳು, ಇನ್ನೂ ಏನೇನಿದೆ ಎಲ್ಲ ಹೇಳು" ಅಂತ ಅತ್ತ.